ಹಳೆಯ ಸರ್ವರು ಮತ್ತು ರೈತನ ಪಹಣಿ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರೈತನು ಬೆಳೆಸಾಲಕ್ಕಾಗಲಿ ಅಣ್ಣತಮ್ಮಂದಿರ ವಾಟಣಿಗಾಗಲಿ ಪಹಣಿಯನ್ನು ಕೇಳಿ ನಾಡಕಚೇರಿಯ ಕಿಟಕಿಯ ಮುಂದೆ ನಿಂತಾಗ, ಅವನ ಹಕ್ಕಿಗೆ ಆಧಾರವಾಗಿರುವುದು ಕಣ್ಣಿಗೆ ಕಾಣದ ಸರ್ವರೊಂದರ ಡೇಟಾಬೇಸು. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯು ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಮೇಲೆ, ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲವೆಂದು ಸರ್ಕಾರವು ಸಾರಿದಂದಿನಿಂದ, ದಾಖಲೆಯ ಆಯುಷ್ಯವು ಯಂತ್ರದ ಆಯುಷ್ಯದೊಡನೆ ಬೆಸೆದುಕೊಂಡಿದೆ. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಯಾದಗಿರಿ ಜಿಲ್ಲೆ ಬೇರ್ಪಟ್ಟಿತು. ಅನಂತರ ಹುಣಸಗಿ, ವಡಗೇರಾ, ಗುರುಮಠಕಲ್‌ಗಳು ತಾಲ್ಲೂಕುಗಳಾದುವು. ಹೊಲವು ಇದ್ದಲ್ಲಿಯೇ ಇದ್ದರೂ ಅದರ ದಾಖಲೆ ಮನೆ ಬದಲಿಸುತ್ತಲೇ ಬಂದಿದೆ.

ಸರ್ವರಿನ ಆವೃತ್ತಿಗಳಾದರೋ ಅಲ್ಪಾಯುಗಳು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2000ಕ್ಕೆ ತಯಾರಕರ ಬೆಂಬಲ 2013ರ ಏಪ್ರಿಲಿನಲ್ಲಿ ನಿಂತಿತು, ಮೈಎಸ್‌ಕ್ಯೂಎಲ್ 5.7ಕ್ಕೆ 2023ರ ಅಕ್ಟೋಬರಿನಲ್ಲಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರಿನ ಪ್ರಧಾನ ಆವೃತ್ತಿಯೊಂದಕ್ಕೆ ದೊರೆಯುವುದು ಐದೇ ವರ್ಷದ ಆರೈಕೆ. ಜಮೀನಿನ ತಗಾದೆ ಎರಡು ತಲೆಮಾರು ನಡೆಯುವ ನಾಡಿನಲ್ಲಿ ಇದು ಅತ್ಯಲ್ಪ ಕಾಲ.

ಅವಧಿ ಮೀರಿದ ಸರ್ವರು ಕೂಡಲೇ ನಿಂತುಹೋಗುವುದಿಲ್ಲ. ತೊಡಕು ಮೊದಲು ತಲೆದೋರುವುದು ಅದನ್ನು ನಿರ್ವಹಿಸುವ ತಂತ್ರಾಂಶದಲ್ಲಿ. ಪೋಸ್ಟ್‌ಗ್ರೆಸ್‌ಗಾಗಿ ಇರುವ ಪಿಜಿಅಡ್ಮಿನ್‌ನಂಥ ಸಾಧನವು ತೆರೆಯ ಮೇಲೆ ತೋರಿಸುವ ಪ್ರತಿಯೊಂದು ಹೆಸರನ್ನೂ ಸರ್ವರಿನ ಒಳಕೋಷ್ಟಕಗಳನ್ನು ಪ್ರಶ್ನಿಸಿಯೇ ಪಡೆಯುತ್ತದೆ. 2018ರಲ್ಲಿ ಬಂದ ಪೋಸ್ಟ್‌ಗ್ರೆಸ್ 11, ಫಂಕ್ಷನ್‌ಗಳ ಕೋಷ್ಟಕದಲ್ಲಿದ್ದ ‘ಪ್ರೊಈಸ್‌ಆಗ್’ ಎಂಬ ಅಂಕಣವನ್ನು ತೆಗೆದು ‘ಪ್ರೊಕೈಂಡ್’ ಎಂಬುದನ್ನು ಇರಿಸಿತು. ಹೊಸ ಅಂಕಣವನ್ನು ಹಳೆಯ ಸರ್ವರಿನಲ್ಲಿ ಕೇಳಿದರೆ ಅಂಥ ಅಂಕಣವೇ ಇಲ್ಲವೆಂಬ ಉತ್ತರ ಬರುತ್ತದೆ. ಆದುದರಿಂದಲೇ ಪಿಜಿಅಡ್ಮಿನ್ ರಚಿಸಿದವರು ಆವೃತ್ತಿಗೊಂದರಂತೆ ಪ್ರಶ್ನೆಗಳನ್ನು ಬೇರೆ ಬೇರೆ ಕಡತಕೋಶಗಳಲ್ಲಿ ಕಾಯ್ದಿಡುತ್ತಾರೆ. ಈ ಭಾರವನ್ನು ಅವರು ಎಂದೆಂದಿಗೂ ಹೊರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಭಾರವನ್ನು ಇಳಿಸುವುದಕ್ಕೂ ಒಂದು ಕ್ರಮವುಂಟು.

ಆ ಕ್ರಮವನ್ನು ಡೇಟಾಬೇಸಿನ ಪ್ರತಿ ತೆಗೆಯುವ ಪಿಜಿಡಂಪ್ ಎಂಬ ಚಿಕ್ಕ ಸಾಧನದಲ್ಲಿ ಕಾಣಬಹುದು. 2022ರ ಪೋಸ್ಟ್‌ಗ್ರೆಸ್ 15ರೊಡನೆ ಬಂದ ಪಿಜಿಡಂಪ್, 2017ರಲ್ಲಿಯೇ ಬೆಂಬಲ ಕಳೆದುಕೊಂಡಿದ್ದ 9.2ರ ಸರ್ವರಿನಿಂದಲೂ ಮಾಹಿತಿಯನ್ನು ತೆಗೆದುಕೊಡುತ್ತದೆ. ತನಗಿಂತ ಹೊಸ ಪ್ರಧಾನ ಆವೃತ್ತಿಯ ಸರ್ವರು ಎದುರಾದರೆ ಆವೃತ್ತಿ ಹೊಂದದೆಂದು ಸ್ಪಷ್ಟವಾಗಿ ಹೇಳಿ ಕೆಲಸವನ್ನು ನಿಲ್ಲಿಸುತ್ತದೆ. ನನ್ನ ದೃಷ್ಟಿಯಲ್ಲಿ ನಿರ್ವಹಣಾ ತಂತ್ರಾಂಶಗಳೆಲ್ಲವೂ ಅನುಸರಿಸತಕ್ಕ ನೀತಿ ಇದೇ: ಹಳೆಯ ಸರ್ವರಿನಲ್ಲಿ ತಿದ್ದುವ ಅಧಿಕಾರವನ್ನು ಬೇಕಾದರೆ ಹಿಂತೆಗೆದುಕೊಳ್ಳಲಿ, ಆದರೆ ಓದುವ ಮತ್ತು ಪ್ರತಿ ತೆಗೆಯುವ ದಾರಿಯನ್ನು ಕಡೆಯವರೆಗೂ ತೆರೆದಿಡಲಿ. ಏನನ್ನೂ ಹೇಳದೆ ಬರಿದಾದ ಪಟ್ಟಿಯನ್ನು ತೋರಿಸುವ ಸಾಧನವು ಎಲ್ಲಕ್ಕಿಂತ ಅಪಾಯಕರ. ದಾಖಲೆಯೇ ಇಲ್ಲವೆಂದು ಗುಮಾಸ್ತನು ನಂಬಿಬಿಟ್ಟಾನು.

ಓದುವ ದಾರಿ ಮುಚ್ಚಿಹೋದರೆ ಏನಾಗುವುದೆಂಬುದನ್ನು ಈ ಸೀಮೆಗೆ ಬೇರೆಯವರು ತಿಳಿಸಬೇಕಾಗಿಲ್ಲ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಇಲ್ಲಿಯ ಕುಟುಂಬಗಳ ಪೆಟ್ಟಿಗೆಗಳಲ್ಲಿ ಉರ್ದುವಿನ ಜಮೀನು ಕಾಗದಗಳು ಇಂದಿಗೂ ಇವೆ. ಅಕ್ಷರ ಅಳಿದಿಲ್ಲ, ಓದಬಲ್ಲವರು ವಿರಳರಾಗಿದ್ದಾರೆ.

ಕಚೇರಿಗಳ ಪಾಲಿನ ಕರ್ತವ್ಯವೂ ಸಣ್ಣದಲ್ಲ. ತಂತ್ರಾಂಶದ ಟೆಂಡರು ಬರೆಯುವಾಗಲೇ ಸರ್ವರಿನ ಬೆಂಬಲದ ಕೊನೆಯ ದಿನಾಂಕವನ್ನೂ, ಮುಂದಿನ ಆವೃತ್ತಿಗೆ ಸಾಗಿಸುವ ವೆಚ್ಚವನ್ನೂ, ತೆಗೆದ ಪ್ರತಿಯನ್ನು ಬೇರೆ ಯಂತ್ರದಲ್ಲಿ ಮರಳಿ ತೆರೆದು ನೋಡುವ ಹೊಣೆಯನ್ನೂ ಅದರಲ್ಲಿ ಸೇರಿಸಬೇಕು. ಪೋಸ್ಟ್‌ಗ್ರೆಸ್ 14ರ ಅವಧಿ 2026ರ ನವೆಂಬರಿಗೆ ಮುಗಿಯುತ್ತದೆ. ಅದನ್ನು ನೆಚ್ಚಿರುವ ಕಚೇರಿಗಳು ಆ ತಿಂಗಳು ಬರುವವರೆಗೆ ಕಾಯದಿರಲಿ.