ಓಕಿನಾವಾದ ಒಂದು ಸ್ಥಾನ

ಸೋತವನಿಗೆ ಸಮಾಧಾನ ಹೇಳುವುದು ಸುಲಭ. ಗೆದ್ದೂ ಗೆದ್ದೂ ಕೈಗೆ ಏನೂ ಹತ್ತದವನಿಗೆ ಏನು ಹೇಳೋಣ? ಜಪಾನಿನ ಮೇಲ್ಮನೆಯ ಓಕಿನಾವಾ ಕ್ಷೇತ್ರದ ಕಥೆಯನ್ನು ಓದಿದಾಗ ಈ ಪ್ರಶ್ನೆ ಎದ್ದು ನಿಲ್ಲುತ್ತದೆ. ದೂರದ ದ್ವೀಪದ ಸಂಗತಿ ನಮಗೇಕೆ ಎಂದು ವಾಚಕರು ಪುಟ ಮಗುಚಬಾರದು. ಓಟಿನ ಬೆಲೆಯೆಷ್ಟು ಎಂಬ ವಿಚಾರ ಯಾವ ಊರಿನ ದುಡಿಯುವವನಿಗೂ ದೂರದ್ದಲ್ಲ.

ನಮ್ಮ ರಾಜ್ಯಸಭೆಗೆ ಶಾಸಕರು ಓಟು ಹಾಕುತ್ತಾರೆ. ಜಪಾನಿನಲ್ಲಿ ಮೇಲ್ಮನೆಗೂ ಜನರೇ ನೇರವಾಗಿ ಓಟು ಹಾಕುತ್ತಾರೆ. ಸಿರಿವಂತ ಮನೆತನಗಳ ಹಳೆಯ ಪ್ರಭುಸಭೆಯನ್ನು ಕಿತ್ತು, 1947ರಲ್ಲಿ ಈ ಸಭೆಯನ್ನು ಕಟ್ಟಿದರು. ಸದಸ್ಯರ ಅವಧಿ 6 ವರ್ಷ. 3 ವರ್ಷಕ್ಕೊಮ್ಮೆ ಅರ್ಧ ಸಭೆಗೆ ಚುನಾವಣೆ. ಓಕಿನಾವಾ ಪ್ರಾಂತ್ಯಕ್ಕೆ ಇರುವುದು 2 ಸ್ಥಾನ, ಅಂದರೆ ಒಂದು ಸಲಕ್ಕೆ ಒಂದೇ. ಆ ಒಂದೂ ಆ ಜನಕ್ಕೆ ಪುಕ್ಕಟೆಯಾಗಿ ಬಂದದ್ದಲ್ಲ.

1945ರ ಯುದ್ಧದಲ್ಲಿ ಆ ದ್ವೀಪದ ನಾಲ್ವರಲ್ಲಿ ಒಬ್ಬರು ಸತ್ತರೆಂಬುದು ಸಾಮಾನ್ಯ ಲೆಕ್ಕ. ಅದೇ ವರ್ಷದ ಕೊನೆಗೆ ಟೋಕಿಯೋ ತನ್ನ ಚುನಾವಣಾ ಕಾನೂನನ್ನು ತಿದ್ದಿ, ಓಕಿನಾವಾದವರ ಓಟನ್ನು ತಡೆಹಿಡಿಯಿತು. 1952ರ ಏಪ್ರಿಲ್ 28ರಂದು ಸ್ಯಾನ್ ಫ್ರಾನ್ಸಿಸ್ಕೋ ಒಪ್ಪಂದ ಜಾರಿಗೆ ಬಂದು ಜಪಾನು ಸ್ವತಂತ್ರವಾಯಿತು. ಓಕಿನಾವಾ ಮಾತ್ರ ಅಮೆರಿಕೆಯ ಆಡಳಿತದಲ್ಲೇ ಉಳಿಯಿತು. ರೈತರ ಹೊಲಗಳ ಮೇಲೆ ವಿಮಾನ ನೆಲೆಗಳು ಎದ್ದವು. 1956ರಲ್ಲಿ ಭೂಮಿಗಾಗಿ ಇಡೀ ದ್ವೀಪ ಬೀದಿಗಿಳಿಯಿತು. ಮಾತೃದೇಶಕ್ಕೆ ಮರಳುವ ಚಳವಳಿಯ ಮುಂದಾಳುಗಳಲ್ಲಿ ಶಾಲಾ ಮಾಸ್ತರರು ಬಹಳ ಮಂದಿ. ಶಿಕ್ಷಕರ ಸಂಘದ ಅಧ್ಯಕ್ಷರಾಗಿದ್ದ ಯಾರಾ ಚೋಬ್ಯೋ ಅವರನ್ನೇ 1968ರಲ್ಲಿ ಜನರು ದ್ವೀಪದ ಆಡಳಿತದ ಮುಖ್ಯಸ್ಥರನ್ನಾಗಿ ಆರಿಸಿದರು.

ಮೇಲ್ಮನೆ ಹುಟ್ಟಿ 23 ವರ್ಷಗಳ ಮೇಲೆ, 1970ರ ನವೆಂಬರಿನಲ್ಲಿ, ಓಕಿನಾವಾದವರು ಮೊದಲ ಬಾರಿ ಅದಕ್ಕೆ ಓಟು ಹಾಕಿದರು. ಆಗಿನ್ನೂ ನಾಡು ಮರಳಿರಲಿಲ್ಲ. ಮರಳಿದ್ದು 1972ರ ಮೇ 15ರಂದು. ಗೆದ್ದವರಿಬ್ಬರು: ಪ್ರಗತಿಪರರ ಕ್ಯಾನ್ ಶಿನ್‌ಎಯ್, ಆಳುವ ಲಿಬರಲ್ ಡೆಮೊಕ್ರಾಟಿಕ್ ಪಕ್ಷದ ಇನಾಮಿನೆ ಇಚಿರೋ. ಅಂದಿನಿಂದ ಈ ಕ್ಷೇತ್ರದ ತಕ್ಕಡಿ ಒಮ್ಮೆ ಅತ್ತ, ಒಮ್ಮೆ ಇತ್ತ.

2001ರಲ್ಲಿ ಆಳುವ ಪಕ್ಷ ಗೆದ್ದಿತು. 2004ರಲ್ಲಿ ಬಸ್ಸಿನಲ್ಲಿ ಪ್ರವಾಸಿಗರಿಗೆ ಊರು ತೋರಿಸುವ ಕೆಲಸ ಮಾಡಿದ್ದ ಇತೊಕಾಝು ಕೇಕೊ ಎಂಬ ಹೆಂಗಸು ಗೆದ್ದರು. ಆಕೆ ರಾಜ್ಯಪಾಲರ ಚುನಾವಣೆಗೆ ನಿಲ್ಲಲು ಸ್ಥಾನ ಬಿಟ್ಟುಕೊಟ್ಟಾಗ, 2007ರ ಏಪ್ರಿಲ್ ಉಪಚುನಾವಣೆಯಲ್ಲಿ ಅದು ಆಳುವ ಪಕ್ಷದ ಬೆಂಬಲವಿದ್ದ ಶಿಮಾಜಿರಿ ಐಕೊ ಅವರ ಪಾಲಾಯಿತು. ಮೂರೇ ತಿಂಗಳಲ್ಲಿ ಇನ್ನೊಂದು ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಅದೇ ಇತೊಕಾಝು ಗೆದ್ದು ಬಂದರು. ಗಾಳಿ ಬಂದ ಕಡೆ ತೂರಿಕೊಳ್ಳುವ ಜನವೆಂದು ಇವರನ್ನು ಜರೆಯಬೇಡಿ. ಮೋಸ ಹೋದ ಜನ ಮತ್ತೆ ಮತ್ತೆ ದಾರಿ ಹುಡುಕುತ್ತಾರೆ. 2009ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಹಾತೊಯಾಮಾ, ಫುತೆನ್ಮಾ ವಿಮಾನ ನೆಲೆಯನ್ನು ಪ್ರಾಂತ್ಯದ ಹೊರಗೇ ಸಾಗಿಸುತ್ತೇನೆಂದು ಮಾತು ಕೊಟ್ಟು, ಪ್ರಧಾನಿಯಾದ ಮೇಲೆ ತಪ್ಪಿದರು. 2010ರಲ್ಲಿ ಆ ಪಕ್ಷ ಓಕಿನಾವಾದಲ್ಲಿ ಅಭ್ಯರ್ಥಿಯನ್ನೇ ನಿಲ್ಲಿಸಲಿಲ್ಲ. ಶಿಮಾಜಿರಿ ಮತ್ತೆ ಗೆದ್ದರು.

ಜಪಾನಿನ ನೆಲದಲ್ಲಿ ಓಕಿನಾವಾದ ಪಾಲು ನೂರಕ್ಕೆ ಒಂದೂ ಇಲ್ಲ, 0.6 ಮಾತ್ರ. ಅಮೆರಿಕೆಯ ಸೇನೆಯೊಂದೇ ಬಳಸುವ ನೆಲೆಗಳ ವಿಸ್ತೀರ್ಣದಲ್ಲಿ ನೂರಕ್ಕೆ ಸುಮಾರು 70 ಪಾಲು ಅಲ್ಲಿದೆ. ಈ ಹೊರೆಯನ್ನು ಇಳಿಸಲು 2014ರಲ್ಲಿ ಹೊಸ ಕೂಟವೊಂದು ಮೂಡಿತು. ಹಳೆಯ ಸಂಪ್ರದಾಯವಾದಿ ಒನಾಗಾ ತಾಕೇಶಿ ರಾಜ್ಯಪಾಲರಾಗಿ ಆರಿಸಿ ಬಂದರು. ಕಾರ್ಮಿಕ ಸಂಘದವರೂ ಹೋಟೆಲು ಅಂಗಡಿಗಳ ಮಾಲಿಕರೂ ಒಂದೇ ವೇದಿಕೆ ಹತ್ತಿದರು. ನೆಲೆಗಳಿಗಿಂತ ಪ್ರವಾಸಿಗರಿಂದಲೇ ಊರಿಗೆ ಹೆಚ್ಚು ಗಳಿಕೆಯೆಂಬುದು ವರ್ತಕನ ಲೆಕ್ಕಕ್ಕೂ ಹೊಂದಿತ್ತು.

ಈ ಒಗ್ಗಟ್ಟಿನ ಫಲ 2016ರ ಜುಲೈ 10ರಂದು ಕಂಡಿತು. ಫುತೆನ್ಮಾ ನೆಲೆಯಿರುವ ಗಿನೊವಾನ್ ಊರಿನ ಮಾಜಿ ಮೇಯರ್ ಇಹಾ ಯೋಇಚಿ 3,56,355 ಓಟು ಪಡೆದರು. ಆಗ ಓಕಿನಾವಾ ವ್ಯವಹಾರಗಳ ಸಚಿವೆಯೇ ಆಗಿದ್ದ ಶಿಮಾಜಿರಿಗೆ ಬಂದದ್ದು 2,49,955. ಲಕ್ಷಕ್ಕೂ ಮೀರಿದ ಅಂತರ! ಮರುದಿನ ಬೆಳಿಗ್ಗೆ ಏನಾಯಿತು? ಉತ್ತರದ ತಕಾಯೆ ಹಳ್ಳಿಯಲ್ಲಿ ಅಮೆರಿಕೆಯ ಹೆಲಿಕಾಪ್ಟರುಗಳಿಗೆ ಜಾಗ ಕಟ್ಟಲು ಸರಕಾರ ಸಾಮಾನು ಸಾಗಿಸತೊಡಗಿತು. ಓಟಿನ ಪೆಟ್ಟಿಗೆಯ ಬಿಸಿ ಆರುವ ಮೊದಲೇ ಬಂದ ಉತ್ತರವಿದು.

2019ರ ಫೆಬ್ರವರಿಯ ಜನಮತಗಣನೆಯಲ್ಲಿ ನೂರಕ್ಕೆ 72 ಓಟು ಹೆನೊಕೊ ಕಡಲನ್ನು ತುಂಬಿ ಹೊಸ ನೆಲೆ ಕಟ್ಟುವುದರ ವಿರುದ್ಧ ಬಿತ್ತು. ಆ ಜುಲೈಯಲ್ಲಿ ಸಂವಿಧಾನ ಪಂಡಿತ ತಕಾರಾ ತೆತ್ಸುಮಿ 60 ಸಾವಿರಕ್ಕೂ ಹೆಚ್ಚು ಓಟುಗಳಿಂದ ಗೆದ್ದರು. ಮಣ್ಣು ಸುರಿಯುವುದು ನಿಲ್ಲಲಿಲ್ಲ. 2023ರ ಡಿಸೆಂಬರಿನಲ್ಲಿ ಪ್ರಾಂತ್ಯದ ಸಹಿಯನ್ನು ಟೋಕಿಯೋ ತಾನೇ ಅದರ ಪರವಾಗಿ ಹಾಕಿಕೊಂಡಿತು.

ಇಂಥ ಉತ್ತರ ಪದೇ ಪದೇ ಬಂದರೆ ಜನ ದಣಿಯದೆ ಇರುತ್ತಾರೆಯೇ? ಒನಾಗಾ 2018ರಲ್ಲಿ ತೀರಿಕೊಂಡರು. ದೊಡ್ಡ ವ್ಯಾಪಾರಿ ಸಂಸ್ಥೆಗಳು ಒಂದೊಂದಾಗಿ ಕೂಟದಿಂದ ಹಿಂದೆ ಸರಿದವು. 2022ರಲ್ಲಿ ಅದೇ ಇಹಾ ಯೋಇಚಿ ಮತ್ತೆ ಗೆದ್ದರು, ಆದರೆ ಅಂತರ ಬರೇ 2,888. ಆರು ವರ್ಷ ಹಿಂದಿನ ಲಕ್ಷ ಎಲ್ಲಿ, ಈ ಮೂರು ಸಾವಿರ ಎಲ್ಲಿ! 2025ರ ಜುಲೈಯಲ್ಲಿ ಇದೇ ಕೂಟದ ಬೆಂಬಲದಿಂದ ತಕಾರಾ ಸಚಿಕಾ ಸ್ಥಾನ ಉಳಿಸಿಕೊಂಡರು.

ಹಾಗಾದರೆ ಓಟು ವ್ಯರ್ಥವೇ? ಅಲ್ಲ. ವ್ಯರ್ಥವಾಗಿದ್ದರೆ ಆಳುವವರು ಸಚಿವೆಯನ್ನೇ ಕಣಕ್ಕಿಳಿಸುತ್ತಿರಲಿಲ್ಲ. ಓಟು ಒಂದು ದಿನದ ಕೆಲಸ, ಒಗ್ಗಟ್ಟು ಉಳಿದ ಎಲ್ಲ ದಿನಗಳ ಕೆಲಸ. ಎರಡನೆಯದು ಸಡಿಲವಾದಂತೆ ಮೊದಲನೆಯದರ ತೂಕವೂ ಇಳಿಯುತ್ತದೆ. ದುಡಿಯುವವನೂ ಅಂಗಡಿಯವನೂ ಕೂಡಿದಾಗ ಲಕ್ಷದ ಅಂತರ, ಬೇರೆಯಾದಾಗ ಸಾವಿರಗಳ ಲೆಕ್ಕ. ಇಪ್ಪತ್ತಮೂರು ವರ್ಷ ಕಾದು ಓಟು ಪಡೆದ ಜನ ಅದನ್ನು ಇನ್ನೂ ಕೈಬಿಟ್ಟಿಲ್ಲ. ಓಟನ್ನು ಸಂತೆಯ ಸರಕೆಂದು ಮಾರಿಕೊಳ್ಳುವವರು ಓಕಿನಾವಾದ ಕಡೆ ಒಮ್ಮೆ ನೋಡಲಿ.