ಸಗಟು ಯಾರ ಕೈಯಲ್ಲಿ?

ಚಿಲ್ಲರೆ ವ್ಯಾಪಾರದಲ್ಲಿ ಏಕಸ್ವಾಮ್ಯದ ಮಾತೆತ್ತಿದರೆ ಉತ್ತರ ಸಿದ್ಧವಿರುತ್ತದೆ: ಬೀದಿಗೆ ನಾಲ್ಕು ಕಿರಾಣಿ ಅಂಗಡಿ ಇರುವ ದೇಶದಲ್ಲಿ ಏಕಸ್ವಾಮ್ಯ ಎಲ್ಲಿಂದ ಬಂತು? ಅಂಗಡಿಗಳನ್ನು ಎಣಿಸಿದರೆ ಮಾತು ನಿಜವೇ. ಅವಕ್ಕೆ ಮಾಲು ಎಲ್ಲಿಂದ, ಯಾವ ದರಕ್ಕೆ ಬರುತ್ತದೆ ಎಂದು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ.

ನಮ್ಮಲ್ಲಿ ಪೊಟ್ಟಣದ ಮೇಲೇ ಎಂಆರ್‌ಪಿ ಅಚ್ಚಾಗಿರುತ್ತದೆ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಹಾಗಾಗಿ ಅಂಗಡಿಯವನ ಬದುಕು ನಿಂತಿರುವುದು ಅಸಲಿನ ಮೇಲೆ. 100 ರೂಪಾಯಿಯ ಟೂತ್‌ಪೇಸ್ಟ್ ಅವನಿಗೆ ವಿತರಕನಿಂದ 90ಕ್ಕೆ ಬಂತು ಎನ್ನೋಣ. ಉಳಿದ ಹತ್ತರಲ್ಲಿ ಬಾಡಿಗೆ, ಕರೆಂಟು ಬಿಲ್ಲು, ತಿಂಗಳ ಕೊನೆಗೆ ಕೊಡುತ್ತೇನೆಂದು ಬರೆಸಿ ಹೋದವರ ಬಾಕಿ ಎಲ್ಲ ಸರಿದೂಗಬೇಕು. ಅದೇ ಪೇಸ್ಟು ಮಾರ್ಟ್‌ನಲ್ಲಿ 88ಕ್ಕೆ ಸಿಕ್ಕರೆ ಗಿರಾಕಿ ಈತನನ್ನೇ ಕಳ್ಳನಂತೆ ನೋಡುತ್ತಾನೆ. ಲಾರಿಗಟ್ಟಲೆ ಎತ್ತುವವನಿಗೆ ಕಂಪನಿ ಕೊಡುವ ದರ ಈತನ ವಿತರಕನಿಗೂ ಸಿಗುವುದಿಲ್ಲ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ವಿತರಕರು ಕೋಲ್ಗೇಟ್‌ನ ಕೆಲವು ಸರಕನ್ನು ಅಂಗಡಿಗಳಿಗೆ ಹಾಕುವುದನ್ನು ನಿಲ್ಲಿಸಿದ್ದು ಈ ಅಂತರದ ಸಿಟ್ಟಿಗೇ.

ಜರ್ಮನಿಯ ಮೆಟ್ರೊ ಕಂಪನಿ ಭಾರತದ ತನ್ನ ಮೊದಲ ಸಗಟು ಮಳಿಗೆಯನ್ನು 2003ರಲ್ಲಿ ತೆರೆದದ್ದು ಬೆಂಗಳೂರಿನ ಯಶವಂತಪುರದಲ್ಲಿ. ಕಿರಾಣಿಯವರು, ಹೋಟೆಲಿನವರು ಕಾರ್ಡು ತೋರಿಸಿ ಮಾಲು ಎತ್ತುವ ಜಾಗ ಅದು. 2022ರ ಡಿಸೆಂಬರ್‌ನಲ್ಲಿ ಮೆಟ್ರೊದ ಭಾರತದ ವಹಿವಾಟನ್ನು 2,850 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ರಿಲಯನ್ಸ್ ರೀಟೇಲ್ ಪ್ರಕಟಿಸಿತು. ಮರುವರ್ಷ ಸ್ಪರ್ಧಾ ಆಯೋಗವೂ ಒಪ್ಪಿತು. ಹೀಗೆ ಕಿರಾಣಿಯವನಿಗೆ ಸರಕು ಕೊಡುವವನೂ ಅವನ ಗಿರಾಕಿಯನ್ನು ಸೆಳೆಯುವವನೂ ಒಬ್ಬನೇ ಆದ. ಅಗ್ಗದ ಮಾಲು ಸಿಕ್ಕಿತಲ್ಲ ಎಂದು ಅಂಗಡಿಯವನು ಸಮಾಧಾನಪಡಬಹುದು, ಬೇರೆ ಸಗಟುದಾರರು ಬಾಗಿಲು ಹಾಕದಿರುವ ತನಕ.

2002ರ ಸ್ಪರ್ಧಾ ಕಾಯ್ದೆಯ 4ನೇ ಕಲಂ, ಅಸಲಿಗಿಂತ ಕಡಿಮೆಗೆ ಮಾರಿ ಎದುರಾಳಿಯನ್ನು ಎಬ್ಬಿಸುವುದನ್ನು ತಡೆಯುತ್ತದೆ. ಆದರೆ ಮಾರುವವನು ಆ ಮಾರುಕಟ್ಟೆಯಲ್ಲಿ ಪ್ರಬಲನೆಂದು ಮೊದಲು ಸಾಬೀತಾಗಬೇಕು. ದೇಶದ ಕಿರಾಣಿಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರೆ ಯಾರ ಪಾಲೂ ಕಣ್ಣಿಗೆ ಹೊಡೆಯುವುದಿಲ್ಲ. ನನಗೆ ಇದು ತೂಕದ ಕಲ್ಲಿನದೇ ತಪ್ಪು ಅನಿಸುತ್ತದೆ. ಪ್ರಾಬಲ್ಯ ಅಳೆಯುವಾಗ ಮಾರಾಟದ ಪಾಲಷ್ಟೇ ಸಾಲದು, ಬಂಡವಾಳದ ಬಲವನ್ನೂ ಸಗಟಿನಿಂದ ಚಿಲ್ಲರೆಯವರೆಗೆ ಒಂದೇ ಕೈ ಚಾಚಿರುವುದನ್ನೂ ನೋಡಿ ಎಂದು ಅದೇ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಹೊಸ ಕಾನೂನು ಬರುವ ತನಕ ಕಾಯಬೇಕಿಲ್ಲ. ದೊಡ್ಡ ಖರೀದಿದಾರನಿಗೆ ಸಿಗುವ ರಿಯಾಯಿತಿಯಲ್ಲಿ ಸಾಗಣೆಯ ನಿಜವಾದ ಉಳಿತಾಯವೆಷ್ಟು, ಒತ್ತಡ ಹೇರಿ ಕಿತ್ತದ್ದೆಷ್ಟು ಎಂದು ಕಂಪನಿಗಳ ಲೆಕ್ಕಪತ್ರ ತರಿಸಿ ನೋಡುವ ಅಧಿಕಾರ ಆಯೋಗಕ್ಕೆ ಈಗಲೂ ಇದೆ.