ದೊಡ್ಡಪ್ಪ ಕುಡಿದಿರಲಿಲ್ಲ



ಕಿರಿಮಂಜೇಶ್ವರದ ಹೈವೇ ಬದಿಯಲ್ಲಿ ನನ್ನ ದೊಡ್ಡಪ್ಪ ಎರಡು ವರ್ಷ ಓಲಾಡಿಕೊಂಡೇ ನಡೆದರು. ಊರಿನವರದ್ದು ಒಂದೇ ಮಾತು: "ಬೆಳಿಗ್ಗೆಯೇ ಹಾಕ್ಕಂಡ್ ಬಂದದ್ದಾ?" ಒಂದು ಆಸ್ಪತ್ರೆಗೆ ಕರ್ಕೊಂಡು ಹೋದರೆ ಯಾವ ಕಾಲನಿ ಅಂತ ಕೇಳಿದರು, ಆಮೇಲೆ "ಮೊದ್ಲು ಕುಡಿಯೋದು ಬಿಡಿಸಿ" ಅಂದರು. ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದರು. ಕುತ್ತಿಗೆ ಮುಟ್ಟಿ ನೋಡಲಿಲ್ಲ.

ದೊಡ್ಡಪ್ಪ ಜೀವಮಾನದಲ್ಲಿ ಕುಡಿದವರಲ್ಲ. (ಕುಡಿದಿದ್ದರೂ ಪರೀಕ್ಷೆ ಮಾಡಬೇಕಿತ್ತು, ಅದು ಬೇರೆ ಮಾತು.)

ಅವರ ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಂಡಿತ್ತು. ಡಿಸ್ಕ್ ಸವೆದು ಉಬ್ಬಿ, ಮೂಳೆ ಬೆಳೆದು ಹುರಿಯ ದಾರಿ ಕಿರಿದಾಗ್ತದೆ. ವಯಸ್ಸಾದ ಯಾರಿಗೂ ಬರಬಹುದು, ಸರಿ. ಆದರೆ ಮೂವತ್ತು ವರ್ಷ ಸಿಂಬಿ ಇಟ್ಟು ಮುರಕಲ್ಲು ಹೊತ್ತ ಕುತ್ತಿಗೆಯೂ, ಆಫೀಸಲ್ಲಿ ಫೈಲ್ ನೋಡುವ ನನ್ನ ಕುತ್ತಿಗೆಯೂ ಒಂದೇ ಥರ ಸವೀತದೆ ಅಂತ ಹೇಳ್ಬೇಡಿ. ಹೊರೆ ಯಾರ ತಲೆ ಮೇಲಿತ್ತು ಅಂತ ಊರಿಗೆಲ್ಲ ಗೊತ್ತು.

ಈ ರೋಗದಲ್ಲಿ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಅಂಗಿ ಗುಂಡಿ ಹಾಕಲು ಆಗುವುದಿಲ್ಲ, ಲೋಟ ಕೈಜಾರ್ತದೆ, ಬೆರಳು ಜೋಮು, ಕಾಲು ಬಿಗಿದು ನಡಿಗೆ ತಪ್ತದೆ. ಕಡೆಗೆ ಮೂತ್ರದ ಹಿಡಿತವೂ ಹೋಗಬಹುದು. ಎಂಆರ್‌ಐಯಲ್ಲಿ ಎಲ್ಲ ಕಾಣ್ತದೆ. ಆಪರೇಷನ್ನಿನಲ್ಲಿ ಮೈಕ್ರೋಸ್ಕೋಪ್ ಇಟ್ಟು ಹುರಿಯನ್ನು ದೊಡ್ಡದಾಗಿ, ಸ್ಪಷ್ಟವಾಗಿ ನೋಡುತ್ತಾ, ಒತ್ತುವ ಡಿಸ್ಕ್, ಮೂಳೆ ತೆಗೀತಾರೆ. ಮುಖ್ಯವಾಗಿ ರೋಗ ಮುಂದೆ ಹೋಗದಂತೆ ತಡೆಯುವುದಕ್ಕೆ ಇದು. ಹೋದ ಶಕ್ತಿ ಪೂರ್ತಿ ವಾಪಸ್ ಬರ್ತದೆ ಅಂತ ಯಾರೂ ಮಾತು ಕೊಡುವುದಿಲ್ಲ. ದೊಡ್ಡಪ್ಪ ಈಗ ಕೋಲು ಹಿಡಿದು ನಡೀತಾರೆ. ಗುಂಡಿ ಹಾಕುವುದು ಇವತ್ತಿಗೂ ದೊಡ್ಡಮ್ಮ. ಆ ಎರಡು ವರ್ಷಕ್ಕೆ ಯಾರು ಜವಾಬ್ದಾರಿ?

"ಆಯುಷ್ಮಾನ್ ಕಾರ್ಡ್ ಇದೆಯಲ್ಲ" ಅಂತೀರಿ. ಇದೆ. 2018ರಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಇಂಥ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳ್ತಾರೆ. ಅದನ್ನು ಬರೆಯಬೇಕಾದವರೇ ನಮ್ಮನ್ನು ಕುಡುಕರು ಅಂತ ಮೊದಲೇ ತೀರ್ಮಾನಿಸಿದರೆ ಕಾರ್ಡ್ ನೆಕ್ಕುವುದಾ? 1997ರಲ್ಲಿ ಆದ ಉಡುಪಿ ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜು ಅಂದರೆ ಮಣಿಪಾಲದ ಖಾಸಗಿಯದ್ದು. ಸರ್ಕಾರದ್ದು ಎಲ್ಲಿ?

ಹೊರೆ ಹೊತ್ತವರೆಲ್ಲ ಇವತ್ತೇ ಒಂದು ಕೆಲಸ ಮಾಡಿ. ಮುಷ್ಟಿ ಬೇಗ ಬೇಗ ಮುಚ್ಚಿ ಪೂರ್ತಿ ತೆರೆಯಿರಿ. 10 ಸೆಕೆಂಡಿಗೆ 20 ಸಲ ಆಗದಿದ್ದರೆ ಡಾಕ್ಟರಿಗೆ ತೋರಿಸ್ಲೇಬೇಕು. ಹೆದರಿಕೆಯಾದರೆ ನನಗೆ ಫೋನ್ ಮಾಡಿ, ರಜೆ ಹಾಕಿ ಬರ್ತೇನೆ. ರೆಫರಲ್ ಕೊಡುವುದಿಲ್ಲ ಅಂದರೆ ಯಾಕಿಲ್ಲ ಅಂತ ಬರೆದು, ಸಹಿ, ಸೀಲು ಹಾಕಿ ಕೊಡಿ ಅಂತ ಕೇಂಬ. ಆ ಕಾಗದ ಹಿಡ್ಕಂಡ್ ಡಿಎಚ್‌ಓ ಆಫೀಸಿಗೆ ಹೋಪ.